ಪರಸ್ಥಳದ ಮಗು

ಇದರ ಫಲವನ್ನು ಉಂಡವಳು ಎರಡೂವರೆ ವರ್ಷದ ನನ್ನ ಮಗಳು. ಸಂಸ್ಥಾನದ ಅಧಿಕಾರಿಗಳು ಉಣ್ಣಲಿಲ್ಲ, ಊರೂರು ತಿರುಗುತ್ತಿದ್ದ ಸಿಬ್ಬಂದಿ ಉಣ್ಣಲಿಲ್ಲ, ಒಲೆಯ ಮುಂದೆ ಕುಳಿತಿದ್ದ ನನ್ನ ಅತ್ತೆ ಉಣ್ಣಲಿಲ್ಲ, ಹೆಣ್ಣುಮಕ್ಕಳ ಟ್ರೇನಿಂಗ್ ಶಾಲೆಯಲ್ಲಿ ಆರೋಗ್ಯಶಾಸ್ತ್ರ ಓದಿ ಬಂದಿದ್ದ ನಾನೂ ಉಣ್ಣಲಿಲ್ಲ. ತಪ್ಪು ಮಾಡಿದವರು ನಾವು ಇಷ್ಟು ಜನ. ಕಣ್ಣು ಕಳೆದುಕೊಂಡವಳು ಅವಳೊಬ್ಬಳೇ. ಆ ಚಳಿಗಾಲದಲ್ಲಿ ಲಕ್ಷ್ಮೇಶ್ವರದಲ್ಲಾಗಲಿ, ಬೆಟಗೇರಿಯಲ್ಲಾಗಲಿ, ಶಿರಹಟ್ಟಿಯಲ್ಲಾಗಲಿ ಯಾರಾದರೊಬ್ಬರು ಅವಳ ತೋಳಿನ ಮೇಲೆ ಎರಡು ಗೀರು ಎಳೆದು ಸಿಡುಬಿನ ಲಸಿಕೆ ಹಾಕಿದ್ದರೆ ಸಾಕಿತ್ತು. ನಮ್ಮ ಕಡೆ ಅದನ್ನು ದೇವಿ ಹಾಕುವುದು ಎನ್ನುತ್ತಾರೆ. ಯಾರೂ ಹಾಕಲಿಲ್ಲ. ಏಕೆ ಹಾಕಲಿಲ್ಲ ಎಂಬುದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಾಲಿನ ತಪ್ಪನ್ನು ಮೊದಲು ಬರೆಯುತ್ತೇನೆ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚಳಿಗಾಲ ಅದು. ನನ್ನ ಗಂಡ ಲಕ್ಷ್ಮೇಶ್ವರದ ಶಾಲೆಯಲ್ಲಿ ಮಾಸ್ತರರು. ಲಕ್ಷ್ಮೇಶ್ವರ ಒಂದು ಸಂಸ್ಥಾನಕ್ಕೆ ಸೇರಿತ್ತು. ಎತ್ತಿನ ಬಂಡಿಯಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟುವ ಶಿರಹಟ್ಟಿ ಇನ್ನೊಂದು ಸಂಸ್ಥಾನಕ್ಕೆ. ನನ್ನ ತವರು ಬೆಟಗೇರಿ ಮುಂಬಯಿ ಸರಕಾರಕ್ಕೆ. ಸ್ವಾತಂತ್ರ್ಯದ ಬಾವುಟ ಮೂರೂ ಕಡೆ ಏರಿತ್ತು. ಆದರೆ ಮೂರು ಊರುಗಳ ಕಚೇರಿ ಬೇರೆ, ದವಾಖಾನೆ ಬೇರೆ, ಮಕ್ಕಳ ಪಟ್ಟಿಯೂ ಬೇರೆ. ಈ ಊರುಗಳ ನಡುವೆ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ತಾಯಂದಿರಿಗೆ ಮಾತ್ರ ಗಡಿ ಎಲ್ಲಿದೆ ಎಂಬುದು ಕಾಣುತ್ತಿರಲಿಲ್ಲ. ಅದೇ ಜೋಳ, ಅದೇ ಎರೆಮಣ್ಣು, ಮೂಡಣ ದಿಕ್ಕಿಗೆ ಅದೇ ಕಪ್ಪತಗುಡ್ಡ.

ನಮ್ಮ ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಆರು ವರ್ಷದ ಮಗ, ಮಗಳು. ಇಬ್ಬರು ಮಕ್ಕಳಿಗೂ ಒಂದೇ ಕೌದಿ. ನನ್ನ ಹಳೆಯ ಸೀರೆಗಳ ತುಂಡು ಕೂಡಿಸಿ ಅತ್ತೆ ಹೊಲಿದದ್ದು. ಬೆಳಗಾಗುವ ಹೊತ್ತಿಗೆ ಅದರ ಅಂಚಿಗಾಗಿ ಜಗಳ ಆರಂಭವಾಗುತ್ತಿತ್ತು. ಮಗಳು ಕೌದಿಯ ತುಂಡುಗಳಿಗೆ ಹೆಸರಿಟ್ಟಿದ್ದಳು. ಕೆಂಪು ತುಂಡು ಅವ್ವ, ಹಸಿರು ತುಂಡು ಆಯಿ, ಅಂದರೆ ಅಜ್ಜಿ, ಹಳದಿಯದು ಬೆಲ್ಲ. ಅಣ್ಣ ಹಳದಿ ತುಂಡಿನ ಮೇಲೆ ಕಾಲಿಟ್ಟರೆ "ಬೆಲ್ಲ ತುಳದಾ" ಎಂದು ಓಣಿ ಕೇಳುವಂತೆ ಅಳುತ್ತಿದ್ದಳು. ಬಚ್ಚಲೊಲೆಗೆ ಹತ್ತಿಕಟ್ಟಿಗೆ ತುರುಕಿ, ಒಬ್ಬನ ತಲೆ ಒರೆಸುವಷ್ಟರಲ್ಲಿ ಇನ್ನೊಬ್ಬಳು ಬರಿಮೈಯಲ್ಲಿ ಅಂಗಳದ ಬಿಸಿಲಿಗೆ ಓಡುತ್ತಿದ್ದಳು. ಕಟ್ಟೆಯ ಮೇಲೆ ಬಿಸಿಲು ಬೀಳುವ ಜಾಗ ಒಬ್ಬರು ಕೂರುವಷ್ಟೇ ಇತ್ತು. ಅದಕ್ಕೂ ಜಗಳ. ಆ ಜಗಳಗಳು ನನ್ನ ಹಗಲನ್ನೆಲ್ಲ ತಿನ್ನುತ್ತವೆ ಎಂದು ಆಗ ಬೇಸರಪಡುತ್ತಿದ್ದೆ.

ಶಾಲೆಗೆ ನಾತಾಳ ಸೂಟಿ ಹತ್ತಿರ ಬಂದಿತ್ತು. ಡಿಸೆಂಬರಿನ ಕೊನೆಯ ರಜೆಗೆ ನಮ್ಮಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಆದರೆ ನಾತಾಳವೆಂದರೆ ಏನೆಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಹೇಳಲಾರರು. ಮಗ ಒಂದು ದಿನ ರೊಟ್ಟಿ ತಿನ್ನುತ್ತ ಕೇಳಿದ.

"ನಾತಾಳ ಅಂದ್ರ ಯಾರಬೇ?"

"ಯಾರೂ ಅಲ್ಲ, ಹಬ್ಬ ಅದು. ಕ್ರಿಸ್ತರ ಹಬ್ಬ."

"ಅವ್ರ ಹಬ್ಬಕ್ಕ ನಮಗ್ಯಾಕ ಸೂಟಿ?"

"ಇಷ್ಟ ದಿನ ಆಳಿದವ್ರದು ಹಬ್ಬ, ಅದಕ್ಕ."

"ಅವ್ರು ಹೋದ್ರಲ್ಲ?"

"ಹೋದ್ರು."

"ಸೂಟಿ ಇಲ್ಲೇ ಬಿಟ್ಟು ಹೋಗ್ಯಾರೇನು?"

ನನ್ನ ಗಂಡ ತಟ್ಟೆಯ ಮುಂದೆ ಕುಳಿತೇ ನಕ್ಕರು. ಅವರಿಗೆ ಆಗ ಏಕೀಕರಣದ ಮಾತೇ ಮಾತು. ಕನ್ನಡ ಮಾತನಾಡುವ ಊರುಗಳೆಲ್ಲ ಒಂದೇ ಆಡಳಿತಕ್ಕೆ ಬರಬೇಕೆಂದು ಶಾಲೆ ಬಿಟ್ಟ ಮೇಲೆ ಸಭೆ ಸೇರಿಸುತ್ತಿದ್ದರು, ಅರ್ಜಿ ಬರೆಯುತ್ತಿದ್ದರು. ಆ ಅರ್ಜಿಗಳನ್ನು ನಾನೇ ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ನಂಬಿ ಮಾಡುತ್ತಿದ್ದೆ.

ಅತ್ತೆ ಆ ಹೊತ್ತಿಗೆ ಕುಸುರೆಳ್ಳು ಮಾಡಲು ಕುಳಿತಿದ್ದರು. ಸಂಕ್ರಾಂತಿಗೆ ಮಾಡುವ ಈ ಎಳ್ಳು ಚಳಿಯಿಲ್ಲದೆ ಆಗುವುದಿಲ್ಲ. ಹಿತ್ತಾಳೆಯ ಪರಾತವನ್ನು, ಅಂದರೆ ಅಗಲ ತಟ್ಟೆಯನ್ನು, ಸಣ್ಣ ಕೆಂಡದ ಮೇಲಿಟ್ಟು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಚಮಚದ ತುದಿಯಿಂದ ಹನಿಹನಿಯಾಗಿ ಬಿಟ್ಟು, ಬೆರಳುಗಳಿಂದ ಮೆಲ್ಲಗೆ ಆಡಿಸುತ್ತ ಇರಬೇಕು. ಮುಂಜಾನೆಯ ತಣ್ಣನೆ ಗಾಳಿ ತಾಗಿದರೆ ಕಾಳಿನ ಮೈಮೇಲೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ದಿನಕ್ಕಿಷ್ಟು ಎಂದು ವಾರಗಟ್ಟಲೆ ಹಿಡಿಯುತ್ತದೆ, ನಡುವೆ ಬಿಟ್ಟರೆ ಕಾಳು ಬೋಳಾಗುತ್ತದೆ. ರೇಶನ್ನಿನ ಸಕ್ಕರೆಯನ್ನು ಅವರು ದಸರೆಯಿಂದಲೂ ಕೂಡಿಹಾಕಿದ್ದರು, ಚಹಾಕ್ಕೆ ಬೆಲ್ಲ ಹಾಕಿ ಕುಡಿದಿದ್ದರು. ಆ ಕುಸುರೆಳ್ಳನ್ನು ದಾರದಲ್ಲಿ ಪೋಣಿಸಿ ಮೊಮ್ಮಗಳಿಗೆ ಸರ, ಬಳೆ, ನೆತ್ತಿಯ ಆಭರಣ ಮಾಡಿ, ಸಂಕ್ರಾಂತಿಯ ದಿನ ಕೂರಿಸಿ ತಲೆಯ ಮೇಲೆ ಬೋರೆಹಣ್ಣು ಎರೆಯಬೇಕೆಂಬುದು ಅವರ ಆಸೆ. ಹಿಂದಿನ ವರ್ಷ ಸಕ್ಕರೆ ಸಿಕ್ಕಿರಲಿಲ್ಲ. ಅದಕ್ಕೂ ಹಿಂದೆ ಮಗಳು ಎದೆಹಾಲಿನ ಕೂಸು. ಆ ಆಸೆಯನ್ನು ನಾನು ಹಳಿಯುವುದಿಲ್ಲ.

ಸೂಟಿಗೆ ಎರಡು ದಿನ ಉಳಿದಿರುವಾಗ ದೇವಿ ಹಾಕುವವನು ನಮ್ಮ ಓಣಿಗೆ ಬಂದ. ಸಂಸ್ಥಾನದ ನೌಕರ, ಬಗಲಲ್ಲಿ ತಗಡಿನ ಪೆಟ್ಟಿಗೆ, ಕೈಯಲ್ಲಿ ಉದ್ದನೆಯ ಪಟ್ಟಿ.

"ಮಾಸ್ತರ ಮನ್ಯಾಗ ಒಂದು ಹೆಣ್ಣುಕೂಸು ಉಳದೈತಿ. ಹೊರಗ ತರ್ರಿ ಅಕ್ಕಾರ."

ನಾನು ಒಳಗೆ ತಿರುಗಿ ನೋಡಿದೆ. ಮಗಳು ಇರಲಿಲ್ಲ. ಅತ್ತೆ ಅವಳನ್ನು ಎತ್ತಿಕೊಂಡು ಹಿತ್ತಲಿನ ಬಣವೆಯ ಹಿಂದೆ ನಿಲ್ಲಿಸಿ, ಕೈಗೊಂದು ಬೆಲ್ಲದ ಚೂರು ಕೊಟ್ಟು, ತಾವು ಮಾತ್ರ ಪರಾತದ ಮುಂದೆ ಬಂದು ಕುಳಿತಿದ್ದರು. ಹಿತ್ತಲ ಬಾಗಿಲಿನಿಂದ ನನಗೆ ಎಲ್ಲ ಕಂಡಿತು.

"ಕೂಸು ಇಲ್ಲೇನ್ರಿ?" ಎಂದು ಅವನು ಮತ್ತೆ ಕೇಳಿದ.

ಅತ್ತೆಯೇ ಉತ್ತರಿಸಿದರು. "ಈಗ ದೇವಿ ಹಾಕಿದ್ರ ಎಂಟು ದಿನ ಮನ್ಯಾಗ ಒಗ್ಗರಣಿ ಹಾಕಂಗಿಲ್ಲ, ಒಲಿ ಮ್ಯಾಲ ಪಾಕ ಇಡಂಗಿಲ್ಲ. ಪರಾತ ಇಳಿಸಿದ್ರ ಎಳ್ಳು ಮುಳ್ಳು ಒಡಿಯೂದಿಲ್ಲ. ಸಂಕ್ರಮಣಾ ಮುಗೀಲಿ ತಗೋ."

"ಆಯಿ, ಇದು ಸರಕಾರದ ದೇವಿ. ನಿಮ್ಮ ಒಲಿ ನೋಡಿ ಬರೂದಲ್ಲ."

"ಸರಕಾರದ ದೇವಿ ಆದ್ರ ಸರಕಾರದ ಮನ್ಯಾಗ ಇರ್ಲಿ. ನಮ್ಮ ಮನಿಗೆ ಬಂದಾಕಿ ನಮ್ಮ ಒಲಿ ಮಾತು ಕೇಳಬೇಕು."

ಅವನು ನಕ್ಕ. ನಾನೂ ನಕ್ಕೆ. ಈ ನಗುವಿಗಾಗಿ ನಾನು ನನ್ನನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಲಸಿಕೆಯ ಗಾಯ ಏಳುವುದನ್ನು ದೇವಿಯೇ ಮನೆಗೆ ಬಂದಳೆಂದು ತಿಳಿದು, ಸಿಡುಬು ಬಂದ ಮನೆಯ ನೇಮಗಳನ್ನೆಲ್ಲ ಪಾಲಿಸುವುದು ನಮ್ಮ ಕಡೆಯ ರೂಢಿ: ಎಣ್ಣೆ ಕಾಯಿಸಬಾರದು, ಕೂಸಿಗೆ ನೀರು ಹಾಕಬಾರದು, ಪ್ರಯಾಣ ಹೋಗಬಾರದು. ಇದು ಮೂಢನಂಬಿಕೆಯೆಂದು ನಾನು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದ್ದೆ. ಆದರೆ ಆ ಹೊತ್ತಿಗೆ ನನಗೂ ಒಂದು ಕಾರಣವಿತ್ತು. ಎರಡು ವರ್ಷದಿಂದ ತವರಿಗೆ ಹೋಗಿರಲಿಲ್ಲ. ದೇವಿ ಹಾಕಿಸಿದ ಕೂಸನ್ನು ಎಂಟು ದಿನ ಹೊರಗೆ ಕಳಿಸಲು ಅತ್ತೆ ಒಪ್ಪುವುದಿಲ್ಲ. ಅಷ್ಟರಲ್ಲಿ ಅರ್ಧ ಸೂಟಿ ಮುಗಿದೇ ಹೋಗುತ್ತದೆ. ಅವರಿಗೆ ಪರಾತ ಇಳಿಸುವುದು ಬೇಡವಾಗಿತ್ತು, ನನಗೆ ಪ್ರಯಾಣ ತಪ್ಪುವುದು ಬೇಡವಾಗಿತ್ತು. ಅವರ ಹೆಸರಿನಲ್ಲಿ ನನ್ನ ಕೆಲಸವೂ ಆಗುತ್ತದೆಂದು ನಾನು ಸುಮ್ಮನಾದೆ.

"ತವರಿಗೆ ಹೊಂಟೇವ್ರಿ. ಬಂದ ಮ್ಯಾಲ ಹಾಕ್ರಿ," ಎಂದೆ.

"ಸಂಕ್ರಮಣಾ ಆದ ಮ್ಯಾಲ ಮತ್ತ ಬರ್ತೀನಿ," ಎಂದು ಅವನು ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಏನನ್ನೋ ಗೀಚಿದ. ನಾನು ಬಗ್ಗಿ ನೋಡಿದೆ. 'ಪರಸ್ಥಳ' ಎಂದು ಬರೆದಿದ್ದ. ಕೂಸು ಹಿತ್ತಲಲ್ಲಿ ಬೆಲ್ಲ ನೆಕ್ಕುತ್ತ ನಿಂತಿತ್ತು. ಪಟ್ಟಿಯ ಪ್ರಕಾರ ಅದು ಊರಲ್ಲೇ ಇರಲಿಲ್ಲ.

ಬೆಟಗೇರಿಯಲ್ಲಿ ಮೊದಲ ಮೂರು ದಿನ ಸುಖವಾಗಿದ್ದೆವು. ನಮ್ಮ ತವರಿನ ಓಣಿಯಲ್ಲಿ ಮನೆಗೊಂದು ಮಗ್ಗ. ಬೆಳಗಿನಿಂದ ಲಟಕ್ಕು-ಲಟಕ್ಕು ಸದ್ದು. ಮಗಳು ಆ ಸದ್ದಿಗೆ ತಲೆ ಕುಣಿಸುತ್ತ ಬಾಗಿಲಿಂದ ಬಾಗಿಲಿಗೆ ಹೋಗಿ, ಬಣ್ಣದ ನೂಲಿನ ತುಂಡುಗಳನ್ನು ಮುಷ್ಟಿ ತುಂಬ ಆರಿಸಿ ತರುತ್ತಿದ್ದಳು. ಇದು ಕೆಂಪು, ಇದು ಹಸಿರು, ಇದು ಬೆಲ್ಲ. ನನ್ನ ಅವ್ವ ಅವನ್ನೆಲ್ಲ ಜಡೆ ಹೆಣೆದು ಅವಳ ಮುಂಗೈಗೆ ಕಟ್ಟಿದಳು.

ನಾಲ್ಕನೆಯ ದಿನ ಖಬರು ಬಂತು: ಮುಂಡರಗಿ ಕಡೆ ಸಿಡುಬು ಎದ್ದಿದೆ. ನಿಜಾಮನ ಸೀಮೆಯ ಗಲಭೆಗೆ ಹೆದರಿ ಗಡಿ ದಾಟಿ ಬಂದ ಜನ ಅಲ್ಲಿ ಚಪ್ಪರದ ಕೆಳಗೆ, ಗಿಡದ ಬುಡದಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಚಳಿಯಲ್ಲಿ ಕುಳಿತಿದ್ದರು. ರೋಗ ಅವರು ತಂದದ್ದೆಂದು ಓಣಿಯವರು ಬೈದರು. ಮನೆಮಠ ಬಿಟ್ಟು ಬಂದವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಅವರನ್ನು ಅಲ್ಲಿ ಕೂಡಿಸಿ, ಅವರ ಮಕ್ಕಳ ತೋಳನ್ನು ಯಾರೂ ನೋಡದೆ ಬಿಟ್ಟದ್ದು ತಪ್ಪು. ಎರಡೇ ದಿನದಲ್ಲಿ ನಮ್ಮ ಹಿಂದಿನ ಓಣಿಯ ಒಂದು ಬಾಗಿಲಿಗೂ ಸಿಡುಬು ಬಂದ ಗುರುತಾಗಿ ಬೇವಿನ ಟೊಂಗೆ ಬಂತು. ಆ ಮನೆಯ ಮಕ್ಕಳು ಹಿಂದಿನ ದಿನ ನಮ್ಮ ಮಕ್ಕಳೊಂದಿಗೆ ಆಡಿದ್ದರು.

ಮಗನಿಗೆ ಎಳೆತನದಲ್ಲೇ ದೇವಿ ಹಾಕಿತ್ತು. ತೋಳಿನಲ್ಲಿ ಗುರುತು ಇತ್ತು. ಮಗಳ ತೋಳು ನುಣ್ಣಗಿತ್ತು. ನಾನು ಅವಳನ್ನು ಎತ್ತಿಕೊಂಡು ಓಡಿದೆ. ಪುರಸಭೆಯ ದೇವಿ ಹಾಕುವವನು ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ. ಮುಂದೆ ತಾಯಂದಿರ ಸಾಲು, ಅಳುವ ಮಕ್ಕಳು. ಅವ್ವ ನನ್ನ ಬೆನ್ನ ಹಿಂದೆ ನಿಂತು ಕಿವಿಯಲ್ಲಿ ಹೇಳಿದಳು: "ಕೇಳಿದ್ರ ಬೆಟಗೇರಿ ಅನ್ನು. ಬಾಯಿ ಬಿಡಬ್ಯಾಡ ಮತ್ತ."

"ಯಾವೂರು?" ಎಂದ ಅವನು, ತಲೆ ಎತ್ತದೆ.

ನಾನು ಲಕ್ಷ್ಮೇಶ್ವರ ಎಂದೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವವಳು, ಸರಕಾರಿ ಪಟ್ಟಿಯಲ್ಲಿ ಸುಳ್ಳು ಬರೆಸಲೇ ಎಂದುಕೊಂಡೆ. ನಿಜ ಹೇಳಿದರೆ ನ್ಯಾಯ ಸಿಗುತ್ತದೆಂದು ನಂಬಿದ್ದೆ.

ಅವನು ಲೇಖಣಿ ಕೆಳಗಿಟ್ಟ. "ಅದು ಸಂಸ್ಥಾನದ್ದಲ್ರಿ ಅಕ್ಕಾರ. ನನ್ನ ಪಟ್ಟ್ಯಾಗ ಹ್ಯಾಂಗ ಬರೀಲಿ?"

"ಪಟ್ಟ್ಯಾಗ ಬರೀಬ್ಯಾಡ್ರಿ. ತೋಳಿಗೆ ಹಾಕ್ರಿ."

"ಪಟ್ಟ್ಯಾಗ ಇಲ್ಲದ ತೋಳು ನನಗ ಕಾಣೂದಿಲ್ರಿ. ಎಂಟನೇ ದಿನ ಗಾಯ ಎದ್ದೈತೋ ಇಲ್ಲೋ ನೋಡಾವ್ರು ಯಾರು? ಈ ನಳಿಗ್ಯಾಗಿನ ಲಸಿಕಿ ಯಾರಿಗೆ ಹಾಕಿದಿ ಅಂತ ಮ್ಯಾಲಿನವ್ರು ಕೇಳಿದ್ರ ಏನ್ ಹೇಳ್ಲಿ?"

ಅವ್ವ ಮುಂದೆ ಬಂದಳು. "ಯಪ್ಪಾ, ಬ್ಯಾನಿ ಬರೂ ಮುಂದ ಇದು ಯಾವ ಸಂಸ್ಥಾನದ ಕೂಸು ಅಂತ ಕೇಳಿ ಬರ್ತೈತೇನು?"

"ಬ್ಯಾನಿಗೆ ಮ್ಯಾಲ ಸಾಹೇಬ ಇಲ್ಲಬೇ ಆಯಿ. ನನಗ ಅದಾನ."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅವನು ಕೆಟ್ಟವನಲ್ಲ, ಮಗಳ ಗಲ್ಲ ಹಿಂಡಿ, ಕೈಗೆ ಕಟ್ಟಿದ ನೂಲು ಚಂದ ಇದೆ ಎಂದ. ಆಮೇಲೆ ಹಿಂದಿದ್ದವಳನ್ನು ಕರೆದ. ಮರುದಿನ ಅವ್ವ ತಾನೇ ಮಗುವನ್ನು ಎತ್ತಿಕೊಂಡು ಹೋಗಿ ತನ್ನ ಮೊಮ್ಮಗಳು, ಬೆಟಗೇರಿಯವಳೇ ಎಂದು ನಿಂತಳು. ಅವನು ಕೈಯ ನೂಲಿನಿಂದ ಕೂಸಿನ ಗುರುತು ಹಿಡಿದು ಹಿಂದಕ್ಕೆ ಕಳಿಸಿದ.

"ಒಂದ ಸುಳ್ಳು," ಎಂದಳು ಅವ್ವ ಮನೆಗೆ ಬಂದು, ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ. "ಒಂದ ಸುಳ್ಳು ಹೇಳಿದ್ರ ನಿನ್ನ ಟ್ರೇನಿಂಗ್ ಎಲ್ಲಿ ಓಡಿ ಹೋಗ್ತಿತ್ತಬೇ?"

ಅದೇ ಮಧ್ಯಾಹ್ನ ಊರಿಗೆ ಹೊರಟೆ. ಮಗ ಸೂಟಿ ಇನ್ನೂ ನಾಲ್ಕು ದಿನ ಇದೆಯೆಂದು ಗೋಗರೆದು ಅತ್ತ. ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು. ಏರು ಬಂದರೆ ಗಂಡಸರು ಇಳಿದು ನೂಕಬೇಕು. ಶಿರಹಟ್ಟಿಯಲ್ಲಿ ಇದ್ದಿಲು ತುಂಬಲು ಅದು ನಿಂತಾಗ, ಎದುರಿಗೇ ದವಾಖಾನೆ ಕಂಡಿತು. ಇಬ್ಬರನ್ನೂ ಎಳೆದುಕೊಂಡು ಓಡಿದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಸಿಪಾಯಿಯೊಬ್ಬ ಬಿಸಿಲು ಕಾಯಿಸುತ್ತ ಶೇಂಗಾ ಸುಲಿದು ತಿನ್ನುತ್ತಿದ್ದ.

"ನಾತಾಳ ಸೂಟಿ ಐತ್ರಿ. ನಾಕು ದಿನ ಬಿಟ್ಟು ಬರ್ರಿ."

"ದೇವಿ ಹಾಕಿಸಬೇಕಾಗಿತ್ರೀ. ಬೆಟಗೇರ್ಯಾಗ ಬ್ಯಾನಿ ಎದ್ದೈತಿ."

"ನೀವು ಎಲ್ಲ್ಯಾವ್ರು?" ಎಂದ. ಲಕ್ಷ್ಮೇಶ್ವರ ಎನ್ನುತ್ತಲೂ ಅವನ ಮುಖ ಹಗುರಾಯಿತು. "ಹಂಗಾದ್ರ ಸೂಟಿ ಮುಗಿದ್ರೂ ನಿಮಗ ಇಲ್ಲಿ ಆಗೂದಿಲ್ಲ ತಗೋರಿ."

ಮಗ ನನ್ನ ಸೆರಗು ಎಳೆದು, "ಇವ್ರಿಗೂ ಸೂಟಿ ಬಿಟ್ಟು ಹೋಗ್ಯಾರಬೇ," ಎಂದ. ಅವನಿಗೆ ಎರಡೇಟು ಕೊಟ್ಟೆ. ಅವನ ತಪ್ಪು ಏನೂ ಇರಲಿಲ್ಲ. ಮೋಟಾರಿನಲ್ಲಿ ಉಳಿದ ದಾರಿಯುದ್ದಕ್ಕೂ ಅವನು ಬಿಕ್ಕಿದ. ಮಗಳು ಅಣ್ಣನ ಕಣ್ಣೊರೆಸಲು ತನ್ನ ಕೈಯ ನೂಲು ಬಿಚ್ಚಿ ಕೊಟ್ಟಳು.

ಲಕ್ಷ್ಮೇಶ್ವರದ ನೌಕರ ಹಳ್ಳಿಗಳ ಕಡೆ ಹೋಗಿದ್ದ. ಯಾವ ಹಳ್ಳಿ ಎಂದು ಕಚೇರಿಗೇ ತಿಳಿದಿರಲಿಲ್ಲ. ಸಂಸ್ಥಾನ ಇಂದೋ ನಾಳೆಯೋ ವಿಲೀನವಾಗುತ್ತದೆಂದು ಎಲ್ಲರೂ ಬಲ್ಲರು. ಇಂದು ಮಾಡುವ ಕೆಲಸಕ್ಕೆ ನಾಳೆ ಯಾರು ಹೊಣೆ ಎಂದು ಒಬ್ಬೊಬ್ಬರೂ ಕೈಕಟ್ಟಿ ಕುಳಿತಿದ್ದರು. ನಾನು ಗಂಡನಿಗೆ ಹೇಳಿದೆ: "ನೋಡ್ರಿ, ನೀವ ಹೋಗಿ ಅವನ್ನ ಹುಡುಕಿ ಕರ್ಕೊಂಡ ಬರ್ರಿ. ಸೈಕಲ್ ಐತಿ."

"ಹಂಗ ಒಬ್ಬರ ಸಲುವಾಗಿ ಓಡಿದ್ರ ಆಗೂದಿಲ್ಲ," ಎಂದರು ಅವರು. "ಇದು ವ್ಯವಸ್ಥಾದ ಪ್ರಶ್ನೆ. ಅರ್ಜಿ ಬರಿತೀನಿ."

ಬರೆದರು. ಮೂರು ಪುಟ. ಒಂದೇ ಭಾಷೆಯ ಜನ ಹರಿದು ಹಂಚಿಹೋದುದರ ದುಷ್ಪರಿಣಾಮಗಳಲ್ಲಿ ನಮ್ಮ ಮಗುವಿನ ತೋಳೂ ಒಂದು ಎಂದು ಬಹಳ ಚೆನ್ನಾಗಿ ಬರೆದಿದ್ದರು. ನಾನು ಶುದ್ಧಪ್ರತಿ ಮಾಡಿದೆ. ಸೈಕಲ್ಲು ಗೋಡೆಗೆ ಒರಗಿಯೇ ಇತ್ತು. ಮಾತಿನಲ್ಲಿ ನಾವಿಬ್ಬರೂ ಸರಿಯಾಗಿದ್ದೆವು, ಮತ್ತು ದಿನಗಳು ಹೋಗುತ್ತಿದ್ದವು. ರೋಗಿಯ ಹತ್ತಿರ ಹೋಗಿಬಂದ ಎರಡು-ಮೂರು ದಿನದೊಳಗೆ ದೇವಿ ಹಾಕಿದರೂ ಮಗು ಪಾರಾಗುವ ಸಂಭವ ಇರುತ್ತದೆಂದು ಆಮೇಲೆ ಒಬ್ಬ ಡಾಕ್ಟರರು ನನಗೆ ಹೇಳಿದರು. ಹಾಗಾದರೆ ಬೆಟಗೇರಿಯ ಕಟ್ಟೆಯ ಮೇಲೆ ಇನ್ನೂ ಹೊತ್ತು ಮೀರಿರಲಿಲ್ಲ. ಶಿರಹಟ್ಟಿಯ ಬೀಗದ ಮುಂದೆಯೂ ಮೀರಿರಲಿಲ್ಲ.

ಆ ವರ್ಷ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮತ್ತು ಸಂಕ್ರಾಂತಿ ಒಂದೇ ವಾರದಲ್ಲಿ ಕೂಡಿಬಂದಿದ್ದವು. ಎಳ್ಳಮಾಸಿಯ ಮುಂಜಾನೆ ಓಣಿಯ ಚಕ್ಕಡಿಗಳೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟವು. ನೆರೆಯವರು ನಮ್ಮ ಮಕ್ಕಳನ್ನೂ ಕರೆದರು. ಮಗ ಮೊದಲೇ ಏರಿ ಕುಳಿತಿದ್ದ. ಮಗಳನ್ನು ಏರಿಸಲು ಎತ್ತಿದೆ, ಮೈ ಕೆಂಡವಾಗಿತ್ತು. ಚಕ್ಕಡಿ ಏರಲು ದಿನವೂ ಅಳುವ ಹುಡುಗಿ ನನ್ನ ಹೆಗಲ ಮೇಲೆ ತಲೆಯಿಟ್ಟು, "ಮನಿಗೆ ಹೋಗೂಣು," ಎಂದಳು. ಮನೆಯ ಬಾಗಿಲಲ್ಲೇ ನಿಂತಿದ್ದೆವು.

ಸಂಕ್ರಾಂತಿಯ ದಿನ ಹಣೆಯ ಮೇಲೆ ಗುಳ್ಳೆ ಎದ್ದವು. ಅತ್ತೆ ಪೋಣಿಸುತ್ತಿದ್ದ ಕುಸುರೆಳ್ಳಿನ ಸರವನ್ನು ಅರ್ಧಕ್ಕೆ ಬಿಟ್ಟು ಎದ್ದರು. ಪರಾತವನ್ನು ಒಲೆಯಿಂದ ಇಳಿಸಿ, ಕೆಂಡದ ಮೇಲೆ ನೀರು ಸುರಿದರು. ಯಾವ ಎಂಟು ದಿನ ಒಗ್ಗರಣೆಯಿಲ್ಲದೆ ಇರಲಾರೆವೆಂದು ದೇವಿಯನ್ನು ಬಾಗಿಲಿಂದ ಹಿಂದಿರುಗಿಸಿದ್ದೆವೋ, ಆ ಎಂಟು ದಿನವಲ್ಲ, ಇಪ್ಪತ್ತೊಂದು ದಿನ ನಮ್ಮ ಮನೆಯಲ್ಲಿ ಸಾಸಿವೆ ಸಿಡಿಯಲಿಲ್ಲ.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಬಾಗಿಲಿಗೆ ಬೇವು ಕಟ್ಟಿದೆವು. ಹಾಸಿಗೆಗೆ ಬೇವು ಹಾಸಿದೆವು. ತಾಯಿ ಬಂದ ಮನೆಗೆ ಸೂಜಿ ಬರಬಾರದು ಎಂದರು ಓಣಿಯವರು, ಅತ್ತೆ ಹೌದೆಂದರು, ಗಂಡ ಸುಮ್ಮನಿದ್ದರು, ನಾನು ಆರು ದಿನ ಡಾಕ್ಟರರನ್ನು ಕರೆಯಲಿಲ್ಲ. ಮಗಳ ಕಣ್ಣುಗಳು ಕೀವಿನಿಂದ ಅಂಟಿಕೊಂಡವು. ನೀರು ತಾಗಿಸಿದರೆ ತಾಯಿ ಮುನಿಯುತ್ತಾಳೆಂದು ಅವನ್ನು ತೊಳೆಯಲಿಲ್ಲ. ನನ್ನ ಟ್ರಂಕಿನಲ್ಲಿ ಆರೋಗ್ಯಶಾಸ್ತ್ರದ ಪುಸ್ತಕ ಇತ್ತು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಕಣ್ಣು ತೊಳೆಯಬೇಕೆಂದು ಅದರಲ್ಲಿ ಬರೆದಿದೆಯೆಂದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಉತ್ತರ ಬರೆದಿದ್ದೆ. ತೊಳೆದ ಮರುಕ್ಷಣ ಮಗು ಸತ್ತರೆ ನನ್ನ ಕೈಯಿಂದಲೇ ಸತ್ತಂತಾಗುತ್ತದಲ್ಲ ಎಂಬ ಹೆದರಿಕೆ. ಏಳನೆಯ ದಿನ ಡಾಕ್ಟರರು ಬಂದು, ಹತ್ತಿ ಅದ್ದಿ ಒರೆಸುತ್ತ, "ಯಾರೂ ತೊಳದಿಲ್ಲೇನು?" ಎಂದು ಕೇಳಿದಾಗ ನಾನು ಗೋಡೆಯ ಕಡೆ ನೋಡಿದೆ. ಹಾಗೆ ಗೋಡೆ ನೋಡಲು ನನಗೆ ಕಣ್ಣುಗಳಿದ್ದವು.

ಜೀವ ಉಳಿಯಿತು. ಗುಳ್ಳೆಗಳು ಒಣಗಿ, ಹಕ್ಕಳೆ ಉದುರತೊಡಗಿದವು. ಒಂದು ಮಧ್ಯಾಹ್ನ ಅವಳನ್ನು ಕೌದಿಯಲ್ಲಿ ಸುತ್ತಿ ಕಟ್ಟೆಯ ಬಿಸಿಲಿಗೆ ಕೂರಿಸಿದೆ. ಆ ಬಿಸಿಲಿನ ಜಾಗಕ್ಕೆ ಅಂದು ಜಗಳ ಇರಲಿಲ್ಲ. ಇಷ್ಟು ದಿನ ನಾವು ಅವಳ ಹತ್ತಿರ ಬಿಡದೆ ಇಟ್ಟಿದ್ದ ಮಗ ಕುಸುರೆಳ್ಳಿನ ತಗಡಿನ ಡಬ್ಬಿ ಹಿಡಿದು ಓಡಿಬಂದ. ತನ್ನ ಪಾಲನ್ನೂ ತಿನ್ನದೆ ಇಟ್ಟಿದ್ದ. ಎದುರಿಗೆ ಕುಳಿತು ಡಬ್ಬಿ ಅಲುಗಿಸಿದ. ಅವಳು ನಕ್ಕು ಕೈ ಚಾಚಿದಳು. ಅವನು ಡಬ್ಬಿಯನ್ನು ಎಡಕ್ಕೆ ಒಯ್ದು ಅಲುಗಿಸಿದ. ಕೈ ಎಡಕ್ಕೆ ಬಂತು. ಸದ್ದು ಮಾಡದೆ ಡಬ್ಬಿಯನ್ನು ಅವಳ ಮೂಗಿನ ಮುಂದೆಯೇ ಹಿಡಿದ. ಕೈ ಎಡಕ್ಕೇ ನಿಂತಿತ್ತು, ಬೆರಳು ಅಗಲಿಸಿಕೊಂಡು, ಗಾಳಿಯಲ್ಲಿ. ಅವನಿಗೆ ಅದು ಆಟವೆನಿಸಿ ಕಿಲಕಿಲ ನಕ್ಕ. "ಇಲ್ಲೇ ಐತಲ್ಲಲೇ, ಕುಳ್ಳಿ!" ಎಂದ.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು.

ಹಕ್ಕಳೆಗಳೆಲ್ಲ ಉದುರಿ ಮುಗಿದ ಮೇಲೆ ಅರ್ಜಿಗೆ ಉತ್ತರ ಬಂತು. ಸಂಸ್ಥಾನ ವಿಲೀನವಾಗಲಿರುವುದರಿಂದ ಈ ವಿಷಯವನ್ನು ಮುಂಬಯಿ ಸರಕಾರಕ್ಕೆ ಬರೆದುಕೊಳ್ಳಬೇಕೆಂದು ಅದರಲ್ಲಿತ್ತು. ನನ್ನ ಗಂಡ ಅದನ್ನು ಓದಿ ಮಡಚಿಟ್ಟರು, ಸೈಕಲ್ಲನ್ನು ಮಾರಿಬಿಟ್ಟರು. ಅತ್ತೆ ಆಮೇಲೆ ನಾಲ್ಕು ವರ್ಷ ಬದುಕಿದ್ದರು, ಕುಸುರೆಳ್ಳು ಮಾಡಲಿಲ್ಲ. ಒಂದು ಚಳಿಗಾಲದ ಮುಂಜಾನೆ ಮೊಮ್ಮಗಳ ಕೈಗೆ ಎಣ್ಣೆ ತಿಕ್ಕುತ್ತ, "ಪರಾತ ಇಳಿಸಬೇಕಾಗಿತ್ತು ನಾ," ಎಂದರು. ಇಳಿಸಬೇಕಾಗಿದ್ದವಳು ನಾನು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಆ ಭಾರವನ್ನು ಅವರೊಬ್ಬರೇ ಹೊತ್ತುಕೊಂಡು ಹೋಗಲು ಬಿಟ್ಟೆ. ಇದೂ ನನ್ನ ತಪ್ಪುಗಳಲ್ಲಿ ಒಂದು.

ಮಗಳಿಗೆ ಈಗ ಹನ್ನೆರಡು ತುಂಬುತ್ತ ಬಂದಿದೆ. ಒಂದು ಕಣ್ಣು ಪೂರ್ಣ ಹೋಗಿದೆ; ಇನ್ನೊಂದಕ್ಕೆ ಬಿಸಿಲು ಇದೆಯೋ ನೆರಳು ಇದೆಯೋ ಎಂಬುದಷ್ಟೇ ತಿಳಿಯುತ್ತದೆ. ಅದೇ ಕೌದಿ ಹೊದೆಯುತ್ತಾಳೆ. ತುಂಡುಗಳ ಹೆಸರು ಮರೆತಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ಆಯಿ, ಇದು ಬೆಲ್ಲ ಎನ್ನುತ್ತಾಳೆ. ಬೆಲ್ಲ ಯಾವ ಬಣ್ಣ ಎಂದು ಕಳೆದ ವರ್ಷ ನನ್ನನ್ನೇ ಕೇಳಿದಳು.

ಏಕೀಕರಣವಾಯಿತು. ಆ ನವೆಂಬರಿನಲ್ಲಿ ಗದಗಿನ ಬೀದಿಗಳಲ್ಲಿ ನಾವೆಲ್ಲ ಮೆರವಣಿಗೆ ಹೋದೆವು. ನನ್ನ ಗಂಡ ಚಿಕ್ಕ ಮಗುವಿನಂತೆ ಅತ್ತರು. ಲಕ್ಷ್ಮೇಶ್ವರ, ಶಿರಹಟ್ಟಿ, ಬೆಟಗೇರಿ, ಮುಂಡರಗಿ ಎಲ್ಲವೂ ಒಂದೇ ರಾಜ್ಯ. ಇನ್ನು ಯಾವ ತಾಯಿಗೂ ನಿನ್ನದು ಯಾವ ಊರು ಎಂದು ಯಾರೂ ಕೇಳುವುದಿಲ್ಲವೆಂದು ನಾನು ನಂಬಿದೆ.

ಅದಾಗಿ ಎರಡೇ ತಿಂಗಳು. ಕಳೆದ ನಾತಾಳ ಸೂಟಿಯಲ್ಲಿ ಮಹಿಳಾ ಮಂಡಳದ ಕೆಲಸಕ್ಕೆ ಮಗಳನ್ನು ಕರೆದುಕೊಂಡು ಮುಂಡರಗಿಗೆ ಹೋಗಿದ್ದೆ. ಚಾವಡಿಯ ಮುಂದೆ ಇಬ್ಬರು ನೌಕರರು ಎರಡು ಸಾಲಿನಲ್ಲಿ ದೇವಿ ಹಾಕುತ್ತಿದ್ದರು. ಕುರ್ತಕೋಟಿಯಿಂದ ಕೂಲಿಗೆಂದು ಬಂದಿದ್ದ ಒಬ್ಬ ಹೆಣ್ಣುಮಗಳು ಕೂಸನ್ನು ಹಿಡಿದು ನಿಂತಿದ್ದಳು.

"ನಿಮ್ಮೂರಾಗ ಹಾಕಿಸ್ಕೋ ಹೋಗವ್ವಾ," ಎಂದ ಅವಳ ಸಾಲಿನ ನೌಕರ.

"ಊರಿಗೆ ಯಾವಾಗ ಹೋಗ್ತೀವೋ ಏನೋರಿ. ಹೊಲದಾಗ ಕೆಲಸ ಇರೂತನಕ ಇಲ್ಲೇ."

"ಪಟ್ಟ್ಯಾಗ ಇಲ್ಲಲ್ಲ ನಿನ್ನ ಕೂಸು?"

ನಾನು ಬಗ್ಗಿ ನೋಡಿದೆ. ಹೊಸ ಸರಕಾರ, ಅದೇ ಉದ್ದನೆಯ ಪಟ್ಟಿ, ಒಂದು ಅಂಕಣದ ಮೇಲೆ ಅದೇ ಮಾತು: 'ಪರಸ್ಥಳ'. ಈ ಸಲ ಕೈಯಿಂದ ಗೀಚಿರಲಿಲ್ಲ; ಅಚ್ಚಾಗಿತ್ತು. ವಾದಿಸಲು ಬಾಯಿ ತೆರೆದೆ. ಪಕ್ಕದಲ್ಲಿ ಮಗಳು ನನ್ನ ಮೊಣಕೈ ಹಿಡಿದು ನಿಂತಿದ್ದಳು. ನಾನು ವಾದಿಸಲಿಲ್ಲ. ಆ ಹೆಣ್ಣುಮಗಳನ್ನು ಬದಿಗೆ ಕರೆದು, ನನ್ನ ಅವ್ವ ನನ್ನ ಕಿವಿಯಲ್ಲಿ ಹೇಳಿದ್ದನ್ನೇ ಹೇಳಿದೆ: "ಇನ್ನೊಂದು ಸಾಲಿನ್ಯಾಗ ನಿಲ್ಲು. ಕೇಳಿದ್ರ ಮುಂಡರಗಿ ಅನ್ನು. ಬಾಯಿ ಬಿಡಬ್ಯಾಡ." ಅವಳು ಹಾಗೆಯೇ ಅಂದಳು. ಕೂಸಿನ ತೋಳಿಗೆ ಎರಡು ಗೀರು ಬಿದ್ದವು; ಅದು ಚಾವಡಿ ಹಾರಿಹೋಗುವಂತೆ ಅತ್ತಿತು. ಆ ಅಳು ಕೇಳಿ ನನ್ನ ಮಗಳು, "ಹಾಕಿದ್ರೇನಬೇ?" ಎಂದಳು. ಹಾಕಿದರು ಎಂದೆ.

ನಾನು ಯಾವ ರಾಜ್ಯಕ್ಕಾಗಿ ಶುದ್ಧಪ್ರತಿ ಬರೆದೆನೋ ಆ ರಾಜ್ಯದಲ್ಲಿ ಒಂದು ಕೂಸಿನ ಕಣ್ಣು ಉಳಿಸಲು ಸುಳ್ಳು ಕಲಿಸಬೇಕಾಯಿತು. ಎಲ್ಲ ತಾಯಂದಿರ ಕಿವಿಯಲ್ಲಿ ಹೇಳಲು ನಾನು ಎಲ್ಲ ಚಾವಡಿಗಳ ಮುಂದೆ ನಿಲ್ಲಲಾರೆ. ಆದುದರಿಂದ ಈ ಪಟ್ಟಿಗಳನ್ನು ಅಚ್ಚು ಹಾಕಿಸುವವರೇ, ಅವುಗಳ ಕೆಳಗೆ ಸಹಿ ಮಾಡುವವರೇ, ಕೇಳಿರಿ. ಬರುವ ದೀಪಾವಳಿಯೊಳಗೆ 'ಪರಸ್ಥಳ' ಎಂಬ ಆ ಅಂಕಣವನ್ನು ಪಟ್ಟಿಯಿಂದ ತೆಗೆದುಹಾಕಿರಿ. ಯಾವ ಊರಿನ ಮಗುವೇ ಆಗಲಿ, ನಿಮ್ಮ ನೌಕರನ ಎದುರಿಗೆ ಬಂದು ನಿಂತರೆ ಅಲ್ಲಿಯೇ, ಆಗಲೇ ದೇವಿ ಹಾಕಬೇಕೆಂದು ಲಿಖಿತ ಆಜ್ಞೆ ಕೊಡಿರಿ. ಎಂಟನೆಯ ದಿನದ ಗಾಯವನ್ನು ಮಗು ಆ ದಿನ ಇರುವ ಊರಿನ ನೌಕರನೇ ನೋಡಲಿ. ನಾತಾಳ ಸೂಟಿಯಲ್ಲಿ ತಾಲೂಕಿಗೊಂದು ದವಾಖಾನೆಯಾದರೂ ಬೀಗ ಹಾಕದೆ ಇರಲಿ. ಆ ಆಜ್ಞೆಯ ಒಂದು ಪ್ರತಿಯನ್ನು ಲಕ್ಷ್ಮೇಶ್ವರದ ನಮ್ಮ ಮನೆಗೆ ಕಳಿಸಿರಿ. ಮಗಳಿಗೆ ನಾನು ಅದನ್ನು ಓದಿ ಹೇಳಬೇಕಾಗಿದೆ.